ಗ್ರೈಂಡರ್ ತಿರುಗಿದ್ದಕ್ಕೆ 250 ಡಾಲರ್

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮದೊಂದು ಕಾಂಡೊ ಇದೆ, ಎರಡು ಬೆಡ್‌ರೂಮು, ಮೇಲಿನ ಮಹಡಿ. ನಾವು ಫೋಲ್ಸಮ್‌ಗೆ ಬಂದ ಮೇಲೆ ಬಾಡಿಗೆಗೆ ಕೊಟ್ಟಿದ್ದೇವೆ. ಈಗಿರುವುದು ಹಾಸನದ ಕಡೆಯ ಹುಡುಗ, ಅವನ ಹೆಂಡತಿ. ಹೋದ ಅಕ್ಟೋಬರ್‌ನಲ್ಲಿ ತಿಂಗಳ ಮೇಂಟೆನೆನ್ಸ್ ಕಟ್ಟೋಣವೆಂದು ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘದ ಪೋರ್ಟಲ್ ತೆರೆದರೆ 250 ಡಾಲರ್ ಜಾಸ್ತಿ ತೋರಿಸುತ್ತಿದೆ. ರಾತ್ರಿ ಗದ್ದಲಕ್ಕೆ ದಂಡವಂತೆ.

ಹುಡುಗನಿಗೆ ಫೋನ್ ಮಾಡಿದೆ.

“ಹೌದು ಸಾರ್, ಒಂದು ಲೆಟರ್ ಬಂದಿತ್ತು. ಯಾವುದೋ ಜಾಹೀರಾತು ಅಂದ್ಕೊಂಡು ಫ್ರಿಜ್ ಮೇಲೆ ಇಟ್ಬಿಟ್ಟೆ.”

ಫೋಟೊ ತರಿಸಿಕೊಂಡು ನೋಡಿದೆ. ಸೆಪ್ಟೆಂಬರ್‌ನ ಮೂರು ಶನಿವಾರ, ರಾತ್ರಿ ಹನ್ನೊಂದರ ಆಸುಪಾಸು, ‘ನೆಲ ಅದುರುವ ಸದ್ದು’. ಕೆಳಗೆ ಎಚ್‌ಒಎ ಬೋರ್ಡಿನ ಮುಂದೆ ಹಿಯರಿಂಗ್, ಅಂದರೆ ವಿಚಾರಣೆಯ ದಿನಾಂಕ. ಅದು ಆಗಲೇ ಮುಗಿದುಹೋಗಿತ್ತು.

ಮೊದಲು ಹುಡುಗನ ಮೇಲೆ ಸಿಟ್ಟು ಬಂತು. ಆಮೇಲೆ ಲಕೋಟೆಯ ಮೇಲಿನ ವಿಳಾಸ ಕಣ್ಣಿಗೆ ಬಿತ್ತು, ಫ್ರೀಮಾಂಟ್ ಮನೆಯದ್ದು. ಕ್ಯಾಲಿಫೋರ್ನಿಯಾದಲ್ಲಿ ನಾವು ಮಾಲೀಕರು ಎಲ್ಲಿಗೆ ಕಾಗದ ಕಳಿಸಬೇಕು, ಮನೆ ಬಾಡಿಗೆಗಿದೆಯೇ ಎಂಬುದನ್ನೆಲ್ಲ ವರ್ಷವರ್ಷ ಎಚ್‌ಒಎಗೆ ಬರೆದುಕೊಡಬೇಕು. ಜನವರಿಯಲ್ಲೇ ಫೋಲ್ಸಮ್ ವಿಳಾಸ ಕೊಟ್ಟಿದ್ದೆ, ಇಮೇಲ್ ಇದೆ. ಬಾಡಿಗೆಯವರು ಸದ್ದು ಮಾಡಿದರೂ ಹಿಡಿಯುವುದು ನನ್ನನ್ನೇ ಅಂದಮೇಲೆ ಹಿಯರಿಂಗ್‌ಗೆ ಕನಿಷ್ಠ 10 ದಿನ ಮುಂಚೆ ನೋಟಿಸ್ ಕೊಡಬೇಕಾದದ್ದೂ ನನಗೇ. ಮೊತ್ತವೂ ತಪ್ಪು. ಹೊಸ ಕಾನೂನಿನಂತೆ 2025ರ ಜುಲೈನಿಂದ ಒಂದು ಉಲ್ಲಂಘನೆಗೆ ದಂಡ 100 ಡಾಲರ್ ಮೀರುವಂತಿಲ್ಲ. ಆರೋಗ್ಯಕ್ಕೋ ಸುರಕ್ಷತೆಗೋ ಧಕ್ಕೆಯಾಗಿದ್ದರೆ ಬೇರೆ ಮಾತು. ನೋಟಿಸ್‌ನಲ್ಲಿದ್ದ ಉಲ್ಲಂಘನೆ ಒಂದೇ. ಇಷ್ಟನ್ನೂ ಒಂದು ಪುಟದಲ್ಲಿ ಬರೆದು, ಮತ್ತೆ ಹಿಯರಿಂಗ್ ಕೊಡಿ ಎಂದು ಕೇಳಿದೆ. ಕೊಟ್ಟರು.

ಅಷ್ಟರಲ್ಲಿ ಒಂದು ಶನಿವಾರ ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆ. ಅಡುಗೆಮನೆ ಕಟ್ಟೆಯಲ್ಲಿ ಜಾಗವಿಲ್ಲವೆಂದು ಗ್ರೈಂಡರ್ ಊಟದ ಮೂಲೆಯಲ್ಲಿ ನೆಲದ ಮೇಲೆ ಕೂತಿತ್ತು. ಅಲ್ಲಿದ್ದ ಕಾರ್ಪೆಟ್ ಕಿತ್ತು ಲ್ಯಾಮಿನೇಟ್ ಹಾಕಿಸಿದವನು ನಾನೇ. ಹುಡುಗ ಸ್ವಿಚ್ ಒತ್ತಿದ. ಅಂಗಾಲಿಗೇ ಗುಂಯ್ ಅಂತ ಬಡಿಯಿತು.

“ಭಾನುವಾರದ ದೋಸೆಗೆ ಸಾರ್. ಇಬ್ಬರೂ ಮನೆ ಸೇರೋದೇ ಲೇಟು.”

ನ್ಯಾಯವಾಗಿ ಹೇಳಬೇಕೆಂದರೆ, ಆ ಸದ್ದಿನ ಕೆಳಗೆ ಮಲಗಿದ್ದರೆ ನಾನೂ ದೂರು ಕೊಡುತ್ತಿದ್ದೆ. ಆದರೆ ಮೂರರಲ್ಲೊಂದು ಶನಿವಾರ ಇವರು ಯೊಸೆಮಿಟಿಯಲ್ಲಿದ್ದರು, ಹೋಟೆಲ್ ರಸೀದಿ ಇತ್ತು. ಆ ರಾತ್ರಿ ನೆಲ ಅದುರಿಸಿದವರು ಯಾರೋ.

ಗ್ರೈಂಡರ್ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ತರಿಸಿದೆವು, ರಾತ್ರಿ ಒಂಬತ್ತರ ಮೇಲೆ ರುಬ್ಬುವುದಿಲ್ಲ ಎಂದು ಹುಡುಗ ಬರೆದುಕೊಟ್ಟ. ಹಿಯರಿಂಗ್‌ಗೆ ಮುಂಚೆಯೇ ತಪ್ಪು ಸರಿಪಡಿಸಿದರೆ ದಂಡ ಹಾಕುವಂತಿಲ್ಲ ಎಂಬುದೂ ಅದೇ ಹೊಸ ಕಾನೂನಿನಲ್ಲಿದೆ. ವಿಡಿಯೊ ಕಾಲ್‌ನಲ್ಲಿ ನಡೆದ ಹಿಯರಿಂಗ್ ಹತ್ತು ನಿಮಿಷವೂ ಹಿಡಿಯಲಿಲ್ಲ. ಬೋರ್ಡಿನವರೊಬ್ಬರು ಗ್ರೈಂಡರ್ ಅಂದರೆ ಕಾಫಿಬೀಜದ್ದು ಅಂದುಕೊಂಡಿದ್ದರು. ಕಲ್ಲಿನ ಗುಂಡು ತಿರುಗುವ ಫೋಟೊ ತೋರಿಸಿದ ಮೇಲೆ ತಲೆಯಾಡಿಸಿದರು. ಮುಂದಿನ ವಾರ ಪೋರ್ಟಲ್‌ನಿಂದ 250 ಮಾಯ.

ಮ್ಯಾಟಿನ 38 ಡಾಲರ್ ಬಾಡಿಗೆಯಲ್ಲಿ ಮುರ್ಕೊಳ್ಲಾ ಸಾರ್ ಎಂದು ಹುಡುಗ ಮೆಸೇಜ್ ಹಾಕಿದ. ಸರಿ ಅಂದೆ.