ಮಾವೊರಿ ಹೆಣ್ಣುಮಕ್ಕಳ ಕಥಾಪುಸ್ತಿಕೆ: ಆರು ತಿಂಗಳ ಕೆಲಸದ ದಾಖಲೆ

ಫೆಬ್ರವರಿ 16

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಲ್ಲಿ, ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯ ಸಂಜೆ ತರಗತಿಗೆ ಹೋಗಲಾರಂಭಿಸಿ ಒಂದು ವರ್ಷ ತುಂಬಿತು. ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಕೆಲಸವನ್ನು ಈಗ ಕೈಗೆತ್ತಿಕೊಂಡಿದ್ದೇನೆ. ನ್ಯೂಜಿಲೆಂಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಓದಲೆಂದು ಈ ನೆಲದ ಮಾವೊರಿ ಹೆಣ್ಣುಮಕ್ಕಳ ನಾಲ್ಕು ಕಥೆಗಳನ್ನು ಕನ್ನಡದಲ್ಲಿ ಬರೆದು, ಲಿನೋ ಹಾಳೆಯಲ್ಲಿ ಕೆತ್ತಿದ ಅಚ್ಚುಗಳಿಂದ ಚಿತ್ರ ಮೂಡಿಸಿ, ದಾರದಿಂದ ಹೊಲಿದು 30 ಪ್ರತಿಗಳನ್ನು ಸಿದ್ಧಪಡಿಸಬೇಕೆಂದಿದ್ದೇನೆ.

ಇದಕ್ಕೆ ಕಾರಣ ನನ್ನ ಒಂಬತ್ತು ವರ್ಷದ ಮಗಳು ಕೇಳಿದ ಪ್ರಶ್ನೆ. ಶಾಲೆಯವರು ಮಕ್ಕಳನ್ನು ಮರಾಯೆಗೆ, ಅಂದರೆ ಮಾವೊರಿ ಸಮುದಾಯದ ಸಭೆಯ ಅಂಗಳಕ್ಕೆ, ಕರೆದೊಯ್ದಿದ್ದರು. ಮನೆಗೆ ಬಂದವಳು, "ಅಮ್ಮಾ, ಮೊದಲು ಕೂಗಿ ನಮ್ಮನ್ನು ಒಳಗೆ ಕರೆದದ್ದು ಒಬ್ಬ ಅಜ್ಜಿ. ಆದರೆ ಮುಂದಿನ ಬೆಂಚಿನಲ್ಲಿ ಕುಳಿತು ಮಾತನಾಡಿದವರೆಲ್ಲ ಗಂಡಸರೇ. ಹಾಗೇಕೆ?" ಎಂದಳು. ಅವಳು ಕಂಡದ್ದು ಸರಿಯಾಗಿಯೇ ಇತ್ತು. ಅತಿಥಿಗಳನ್ನು ಬರಮಾಡಿಕೊಳ್ಳುವ ಕರೆಗೆ ಕರಙ ಎಂದು ಹೆಸರು. ಅದು ಹೆಂಗಸರದೇ ಕೆಲಸ, ಮತ್ತು ಆ ಕರೆ ಕೇಳಿಬರುವವರೆಗೆ ಅತಿಥಿಗಳು ಅಂಗಳಕ್ಕೆ ಕಾಲಿಡುವುದಿಲ್ಲ. ಅದಾದ ಮೇಲೆ ನಡೆಯುವ ಭಾಷಣ, ಫೈಕೋರೆರೊ, ಹೆಚ್ಚಿನ ಬುಡಕಟ್ಟುಗಳಲ್ಲಿ ಗಂಡಸರಿಗೆ ಸೇರಿದ್ದು. ಅಂಗಳವು ಯುದ್ಧದೇವತೆ ತೂಮತವುಎಂಗನ ಆವರಣವೆಂದೂ, 'ತೆ ಫರೆ ತಙತ', ಅಂದರೆ ಮನುಕುಲದ ಮನೆ, ಎನಿಸಿದ ಹೆಣ್ಣನ್ನು ಅಲ್ಲಿನ ಕೇಡಿನಿಂದ ಕಾಯಬೇಕೆಂದೂ ಹಿರಿಯರು ವಿವರಿಸುತ್ತಾರೆ. ಪೂರ್ವ ಕರಾವಳಿಯ ಙಾತಿ ಪೊರೊಉ ಜನರಲ್ಲಾದರೋ ಹೆಂಗಸರು ಎದ್ದು ಮಾತನಾಡುವ ಪದ್ಧತಿಯೂ ಉಂಟು, ಹಿನೆರುಪೆ, ಇರಿತೆಕುರ ಮುಂತಾಗಿ ಮೂಲಮಾತೆಯರ ಹೆಸರು ಹೊತ್ತ ಸಭಾಗೃಹಗಳೂ ಉಂಟು. ಹೀಗಿರುವಾಗ 'ಮಾವೊರಿ ಸಂಪ್ರದಾಯದಲ್ಲಿ ಹೆಣ್ಣಿನ ಸ್ಥಾನ' ಎಂದು ಒಂದೇ ವಾಕ್ಯದಲ್ಲಿ ಬರೆದು ಮುಗಿಸಲು ಸಾಧ್ಯವಿಲ್ಲ. ನಾಲ್ಕು ಬೇರೆ ಬೇರೆ ಹೆಣ್ಣುಮಕ್ಕಳ ಕಥೆಗಳನ್ನು ಆರಿಸಿಕೊಂಡದ್ದು ಈ ಕಾರಣದಿಂದ.

ಮಾರ್ಚ್ 9

ಈ ಮೂರು ವಾರಗಳು ಬರೆಹಕ್ಕಿಂತ ಹೆಚ್ಚಾಗಿ ಅಕ್ಷರಗಳಿಗೂ ಪದಗಳಿಗೂ ಸಂದವು. ಮಾವೊರಿಯಲ್ಲಿ ಐದು ಹ್ರಸ್ವ, ಐದು ದೀರ್ಘ ಸ್ವರಗಳಿವೆ, ಮತ್ತು ಎ, ಏ, ಒ, ಓ ಸೇರಿದಂತೆ ಆ ಹತ್ತಕ್ಕೂ ಕನ್ನಡದಲ್ಲಿ ಅಕ್ಷರವಿದೆ. ಇದು ನನಗೆ ಬಹಳ ಸಂತೋಷ ಕೊಟ್ಟಿತು. ವಹಿನೆ ಎಂದರೆ ಒಬ್ಬ ಹೆಂಗಸು, ವಾಹಿನೆ ಎಂದರೆ ಅನೇಕ ಹೆಂಗಸರು. ಇಂಗ್ಲಿಷ್ ಲಿಪಿಯಲ್ಲಿ ಅಕ್ಷರದ ತಲೆಯ ಮೇಲೊಂದು ಗೆರೆ ಎಳೆದು ತೋರಿಸಬೇಕಾದ ಈ ವ್ಯತ್ಯಾಸ ಕನ್ನಡದಲ್ಲಿ ಒಂದು ಇಳಿಯಿಂದ ಸ್ಪಷ್ಟವಾಗುತ್ತದೆ. ವರ್ಣಮಾಲೆ ಒಪ್ಪಿಸುವಾಗಲಷ್ಟೇ ನಮ್ಮ ನಾಲಿಗೆಗೆ ಬರುವ ಙ ಅಕ್ಷರಕ್ಕೆ ಈ ಪುಸ್ತಿಕೆಯಲ್ಲಿ ಪುಟಪುಟದಲ್ಲೂ ಕೆಲಸ ಸಿಕ್ಕಿದೆ.

ತೊಡಕು ಬಂದದ್ದು ಸರ್ವನಾಮದಲ್ಲಿ. ಅವನು, ಅವಳು ಎರಡಕ್ಕೂ ಮಾವೊರಿಯಲ್ಲಿ 'ಇಯ' ಎಂಬ ಒಂದೇ ಪದವಿದೆ. ಮೂಲದಲ್ಲಿ ಹೆಣ್ಣೋ ಗಂಡೋ ಎಂಬುದನ್ನು ತೆರೆದು ಹೇಳದೆಯೇ ಹತ್ತು ವಾಕ್ಯಗಳು ಸಾಗಬಲ್ಲವು. ಕನ್ನಡಕ್ಕೆ ತರುವಾಗ ಮೊದಲ ಕ್ರಿಯಾಪದದಲ್ಲಿಯೇ 'ಬಂದಳು' ಎಂದೋ 'ಬಂದನು' ಎಂದೋ ನಾನು ತೀರ್ಮಾನಿಸಬೇಕಾಗುತ್ತದೆ. ಹಿರಿಯರಿಗೆ 'ಅವರು' ಎಂದು ಬರೆದು ಪಾರಾಗಬಹುದು, ಆದರೆ ಎಂಟು ವರ್ಷದ ಹುಡುಗಿಗೆ ಬಹುವಚನ ಹಾಕಿದರೆ ಅವಳು ಕಥೆಯಿಂದ ದೂರ ಸರಿಯುತ್ತಾಳೆ.

ಬಂಧುವಾಚಕಗಳಲ್ಲಿ ಸಮಸ್ಯೆ ತಿರುವುಮುರುವಾಯಿತು. ಹುಡುಗಿಯ ಸೋದರ, ಅಣ್ಣನೇ ಆಗಲಿ ತಮ್ಮನೇ ಆಗಲಿ, ಅವಳಿಗೆ ತುಙಾನೆ. ಹುಡುಗನ ಸೋದರಿ, ಅಕ್ಕನಾಗಲಿ ತಂಗಿಯಾಗಲಿ, ಅವನಿಗೆ ತುವಹಿನೆ. ಹಿರಿ ಕಿರಿಯ ಲೆಕ್ಕವನ್ನು ಹೇಳುವ ತುವಕನ, ತೈನ ಎಂಬ ಪದಗಳು ಅಕ್ಕತಂಗಿಯರ ನಡುವೆ ಅಥವಾ ಅಣ್ಣತಮ್ಮಂದಿರ ನಡುವೆ ಮಾತ್ರ ಸಲ್ಲುತ್ತವೆ. ನಮ್ಮ ಅಕ್ಕ, ತಂಗಿ, ಅಣ್ಣ, ತಮ್ಮ ಎಂಬ ಪದಗಳು ವಯಸ್ಸನ್ನು ಹೇಳದೆ ಬಿಡುವುದಿಲ್ಲ. 'ಸಹೋದರ' ಎಂದು ಬರೆದರೆ ಮಕ್ಕಳ ಕಥೆಯಲ್ಲಿ ಸರ್ಕಾರಿ ಅರ್ಜಿಯ ವಾಸನೆ ಬರುತ್ತದೆ. ಆದ್ದರಿಂದ ತುಙಾನೆ, ತುವಹಿನೆ ಎಂದೇ ಉಳಿಸಿಕೊಂಡು ಮೊದಲ ಪುಟದಲ್ಲಿ ಅರ್ಥ ಬರೆದಿದ್ದೇನೆ. ಫಾನೌ ಎಂದರೆ ಕುಟುಂಬವೂ ಹೌದು, ಹೆರಿಗೆಯೂ ಹೌದು. ಹಪೂ ಎಂದರೆ ಕುಲದ ಶಾಖೆಯೂ ಹೌದು, ಬಸುರಿಯೂ ಹೌದು. ಫೆನುವ ಎಂಬ ಪದಕ್ಕೆ ಭೂಮಿ, ಮಗುವಿನ ಮಾಸು ಎಂಬ ಎರಡು ಅರ್ಥಗಳಿದ್ದು, ಮಾಸನ್ನು ಕುಲದ ಭೂಮಿಯಲ್ಲಿಯೇ ಹೂಳುವ ವಾಡಿಕೆಯಿದೆ. ಸಮಾಜದ ಮುಖ್ಯ ಪದಗಳೆಲ್ಲ ತಾಯಿಯ ಒಡಲಿನಿಂದ ಹುಟ್ಟಿರುವಾಗ, 'ಅಲ್ಲಿ ಹೆಣ್ಣು ಹಿಂದಿನ ಸಾಲಿನವಳು' ಎಂದು ನನ್ನ ಮಗಳಿಗೆ ಹೇಳಿದರೆ ಅದು ಅರ್ಧ ಉತ್ತರವಾಗುತ್ತದೆ.

ಏಪ್ರಿಲ್ 13

ವೈರಾಕಳ ಕಥೆ ಮುಗಿಯಿತು. ಮಾವೊರಿ ಪೂರ್ವಜರನ್ನು ಈ ದೇಶಕ್ಕೆ ಹೊತ್ತು ತಂದ ಮಾತಾತುವ ಎಂಬ ದೋಣಿ ದಡ ಸೇರಿದಾಗ ಗಂಡಸರೆಲ್ಲ ನೆಲ ನೋಡಲು ಇಳಿದುಹೋದರು, ಹೆಂಗಸರಷ್ಟೇ ಉಳಿದಿದ್ದ ದೋಣಿ ಅಲೆಗೆ ಸಿಕ್ಕು ತೇಲಿಹೋಗತೊಡಗಿತು. ದೋಣಿಯ ಹುಟ್ಟನ್ನು ಹೆಂಗಸರು ಮುಟ್ಟುವುದು ತಪು, ನಿಷಿದ್ಧ. ಆಗ ವೈರಾಕ "ಕಿಯ ಫಕತಾನೆ ಔ ಇ ಅಹೌ" ಎಂದು ಕೂಗಿ ಹುಟ್ಟು ಹಿಡಿದಳು, ದೋಣಿ ಉಳಿಯಿತು, ಊರಿಗೆ ಫಕತಾನೆ ಎಂಬ ಹೆಸರು ನಿಂತಿತು. ಕೆಲವರು ಈ ಮಾತನ್ನು ಮುರಿವೈ ಎಂಬಾಕೆ ಆಡಿದಳೆನ್ನುತ್ತಾರೆ. ಫಕತಾನೆ ನದಿ ಕಡಲು ಸೇರುವಲ್ಲಿ ಬಂಡೆಯ ಮೇಲೆ ನಿಂತಿರುವ ಕಂಚಿನ ಪ್ರತಿಮೆ ವೈರಾಕಳದು.

ತಾನೆ ಎಂದರೆ ಗಂಡು, ಫಕ ಎಂಬುದು ಹಾಗೆ ಮಾಡು, ಹಾಗಾಗು ಎಂಬರ್ಥದ ಪೂರ್ವಪ್ರತ್ಯಯ. ಈ ಒಂದು ವಾಕ್ಯದ ಅನುವಾದಕ್ಕೆ ಎರಡು ವಾರ ಹಿಡಿಯಿತು. ಕನ್ನಡದಲ್ಲಿ ಧೈರ್ಯವಂತೆಗೆ 'ಗಂಡೆದೆಯವಳು' ಎನ್ನುತ್ತೇವೆ, ಅದೇ ಧೈರ್ಯ ಹಿಡಿಸದಿದ್ದರೆ 'ಗಂಡುಬೀರಿ' ಎನ್ನುತ್ತೇವೆ. ಚಿಕ್ಕಂದಿನಲ್ಲಿ ಮರ ಹತ್ತಿದ್ದಕ್ಕೆ ಆ ಎರಡನೆಯ ಪದವನ್ನು ಕೇಳಿಸಿಕೊಂಡವಳು ನಾನು. ಅದರ ನೆರಳು ಕೂಡ ವೈರಾಕಳ ಮೇಲೆ ಬೀಳಬಾರದಾಗಿತ್ತು. ಕೊನೆಗೆ "ಈ ಗಳಿಗೆಗೆ ನಾನು ಗಂಡಾಗುವೆ" ಎಂದು ಬರೆದೆ. ಅವಳು ನಿಷೇಧವನ್ನು ಧಿಕ್ಕರಿಸಲಿಲ್ಲ. ನಿಯಮಕ್ಕೆ ಇರುವ ಗೌರವವನ್ನು ಒಪ್ಪಿಕೊಂಡು, ಮಾತಿನ ಬಲದಿಂದ ಅದರೊಳಗೇ ತನಗೊಂದು ದಾರಿ ಮಾಡಿಕೊಂಡಳು ಎಂದು ನಾನು ತಿಳಿದುಕೊಂಡಿದ್ದೇನೆ.

ಚಿತ್ರದಲ್ಲಿ ತಪ್ಪಾಯಿತು. ಮುಖ ಸುಂದರವಾಗಿ ಕಾಣಲೆಂದು ವೈರಾಕಳ ಗದ್ದದ ಮೇಲೆ ಹಚ್ಚೆಯ ವಿನ್ಯಾಸವನ್ನು ನಾನೇ ಕಲ್ಪಿಸಿ ಕೆತ್ತಿದ್ದೆ. ತರಗತಿಯ ಶಿಕ್ಷಕಿ ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊಕೊ ಕವಾಯೆ ಎಂಬ ಆ ಗದ್ದದ ಹಚ್ಚೆ ಹೆಂಗಸಿನ ವಂಶಾವಳಿಗೂ ಜೀವನಕ್ಕೂ ಸೇರಿದ್ದು, ಅಲಂಕಾರಕ್ಕಾಗಿ ಯಾರದೋ ಮುಖದ ಮೇಲೆ ಇಡತಕ್ಕದ್ದಲ್ಲ ಎಂದು ಆಮೇಲೆ ಮೆಲ್ಲಗೆ ತಿಳಿಸಿದರು. ಅಚ್ಚನ್ನು ತೆಗೆದಿಟ್ಟು ಹೊಸದನ್ನು ಕೆತ್ತಿದೆ. ಈಗಿನ ಚಿತ್ರದಲ್ಲಿ ಮುಖವಿಲ್ಲ, ಹುಟ್ಟು ಹಿಡಿದ ಎರಡು ಕೈಗಳು ಮಾತ್ರ ಇವೆ.

ಮೇ 25

ಭೂಮಿಯ ಹಕ್ಕಿಗಾಗಿ ಹೋರಾಡಿದ ಮಾವೊರಿ ನಾಯಕಿ ಫಿನಾ ಕೂಪರ್ ಅವರ ಅಧ್ಯಾಯವು ಎಣಿಸಿದ್ದಕ್ಕಿಂತ ಎರಡು ಪಟ್ಟು ಬೆಳೆದಿದೆ, ಕತ್ತರಿಸಲು ಮನಸ್ಸಿಲ್ಲ. ಸಾಂಪ್ರದಾಯಿಕ ಮನೆತನವೊಂದು ಹುಡುಗಿಯಿಂದ ಏನೇನು ನಿರೀಕ್ಷಿಸುತ್ತಿತ್ತು, ಅದೇ ಮನೆತನ ಅವಳಿಗೆ ಏನೇನು ಕೊಡುತ್ತಿತ್ತು ಎಂಬುದು ಅವರ ಬಾಲ್ಯದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಅವರು ಹುಟ್ಟಿದ್ದು 1895ರ ಡಿಸೆಂಬರ್ 9ರಂದು, ಉತ್ತರದ ಹೊಕಿಯಙ ಪ್ರದೇಶದಲ್ಲಿ. ತಂದೆ ಹೆರೆಮಿಯ ತೆ ವಾಕೆ ತೆ ರರವ ಬುಡಕಟ್ಟಿನ ನಾಯಕರು. ಮಗಳಿಗೆ ಮನೆಗೆಲಸಕ್ಕಿಂತ ಕುಲದ ಇತಿಹಾಸದಲ್ಲಿಯೂ ವಂಶಾವಳಿಯಲ್ಲಿಯೂ ಆಸಕ್ತಿ ಇರುವುದನ್ನು ಕಂಡು ಆ ವಿದ್ಯೆಯಲ್ಲೇ ಬೆಳೆಸಿದರು. 1907ರಲ್ಲಿ ನೇಪಿಯರ್‌ನ ಸೇಂಟ್ ಜೋಸೆಫ್ಸ್ ಮಾವೊರಿ ಬಾಲಕಿಯರ ಶಾಲೆಗೆ ಕಳುಹಿಸಿದರು. ಆ ಕಾಲದಲ್ಲಿ ಮಾವೊರಿ ಹುಡುಗಿಯರಿಗೆ ದೊರೆಯುತ್ತಿದ್ದ ಶಿಕ್ಷಣದಲ್ಲಿ ಅಡುಗೆ, ಹೊಲಿಗೆ, ಮನೆಯ ಒಪ್ಪಗೆಲಸಗಳಿಗೆ ದೊಡ್ಡ ಪಾಲಿತ್ತು. ಒಳ್ಳೆಯ ಗೃಹಿಣಿಯನ್ನು ರೂಪಿಸುವುದು ವಸಾಹತು ಶಿಕ್ಷಣದ ಗುರಿಯಾಗಿತ್ತು. ಹೀಗೆ ಒಂದೇ ಹುಡುಗಿಯ ಮೇಲೆ ಎರಡು ಬಗೆಯ ನಿರೀಕ್ಷೆಗಳು ಬಿದ್ದವು, ಒಂದು ಕುಲದ್ದು, ಇನ್ನೊಂದು ಶಾಲೆಯದು. ಈ ಎರಡನ್ನೂ 'ಸಂಪ್ರದಾಯ' ಎಂಬ ಒಂದೇ ಚೀಲಕ್ಕೆ ತುಂಬುವುದು ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ.

ಕುಲದ ನಿರೀಕ್ಷೆಯೇನೂ ಹಗುರವಾಗಿರಲಿಲ್ಲ. ಹಿರಿಯರು ನಿಶ್ಚಯಿಸುವ ಮದುವೆಗೆ ತೌಮೌ ಎಂದು ಹೆಸರು. ದೊಡ್ಡ ಮನೆತನದ ಹೆಣ್ಣಿನ ಮದುವೆಯೆಂದರೆ ಎರಡು ಬುಡಕಟ್ಟುಗಳ ನಡುವಣ ಒಪ್ಪಂದ. ಶಾಲೆ ಮುಗಿಸಿ ಬಂದ ಫಿನಾರಿಗೆ ಙಾತಿ ತೂಫರೆತೊವ ಬುಡಕಟ್ಟಿನ ವಿಧುರ ನಾಯಕರೊಬ್ಬರೊಡನೆ ಮದುವೆ ಮಾಡಲು ತಂದೆ ಬಯಸಿದರು, ಮಗಳು ಒಪ್ಪಲಿಲ್ಲ. ಮುಂದೆ 1917ರಲ್ಲಿ ತಾವೇ ಮೆಚ್ಚಿದ ರಿಚರ್ಡ್ ಗಿಲ್ಬರ್ಟ್ ಅವರನ್ನು ಮದುವೆಯಾದಾಗ ಊರಿನಲ್ಲಿ ಅನೇಕರಿಗೆ ಅದು ಸರಿಬರಲಿಲ್ಲ. ಮರುವರ್ಷ ತಂದೆ ತೀರಿಕೊಂಡ ಮೇಲೆ ದಂಪತಿಗಳು ಇದ್ದ ಮನೆಯನ್ನೂ ಬಿಡಬೇಕಾಯಿತು.

ಪುಸ್ತಿಕೆಯ ಮಧ್ಯದ ಎರಡು ಪುಟಗಳನ್ನು 1914ರ ಕೆಸರು ಬಯಲಿಗೆ ಮೀಸಲಿಟ್ಟಿದ್ದೇನೆ. ಜನರು ಚಿಪ್ಪು ಮೀನು ಆಯುತ್ತಿದ್ದ, ಒಣಗಿದಾಗ ಕುದುರೆ ಓಡಿಸುತ್ತಿದ್ದ ಆ ಜಾಗವನ್ನು ಬಿಳಿಯ ರೈತನೊಬ್ಬ ಸರ್ಕಾರದಿಂದ ಗುತ್ತಿಗೆಗೆ ಪಡೆದು, ನೀರು ಬಸಿದುಹೋಗಲೆಂದು ಕಾಲುವೆ ತೋಡಿಸತೊಡಗಿದ. ತಂದೆ ಸಂಸತ್ತಿನ ಸದಸ್ಯರ ಮೊರೆಹೋದರು. ಹದಿನೆಂಟರ ಮಗಳು ಗುದ್ದಲಿ ಹಿಡಿದವರ ಗುಂಪನ್ನು ಕಟ್ಟಿಕೊಂಡು ಬಯಲಿಗೆ ಹೋದಳು. ಆಳುಗಳು ತೋಡುತ್ತಾ ಹೋದಂತೆ ಇವರು ಹಿಂದಿನಿಂದ ಮುಚ್ಚುತ್ತಾ ಬಂದರು. ಅತಿಕ್ರಮ ಪ್ರವೇಶದ ಆರೋಪ ಬಂತು, ಆದರೆ ಕೆಲಸ ತಡವಾಯಿತು, ಕೊನೆಗೆ ಗುತ್ತಿಗೆಯೇ ರದ್ದಾಯಿತು. ಈ ಪುಟಗಳನ್ನು ಓದಿ ಹೇಳಿದಾಗ ನನ್ನ ಮಗಳು, "ಅವಳ ಅಪ್ಪ ಬೈಯಲಿಲ್ಲವೇ?" ಎಂದು ಕೇಳಿದಳು. ತಂದೆಯೂ ಮಗಳೂ ಒಂದೇ ನೆಲಕ್ಕಾಗಿ ಬೇರೆ ಬೇರೆ ದಾರಿಯಲ್ಲಿ ದುಡಿಯುತ್ತಿದ್ದರು ಎಂಬುದನ್ನು ವಿವರಿಸಿದೆ, ಆಮೇಲೆ ಆ ವಿವರಣೆಯನ್ನು ಪುಟಕ್ಕೂ ಸೇರಿಸಿದೆ.

1951ರಲ್ಲಿ ಮಾವೊರಿ ಮಹಿಳಾ ಕ್ಷೇಮಾಭಿವೃದ್ಧಿ ಸಂಘದ ಮೊದಲ ಅಧ್ಯಕ್ಷೆಯಾದದ್ದು, 1975ರ ಸೆಪ್ಟೆಂಬರ್ 14ರಂದು 79ರ ವಯಸ್ಸಿನಲ್ಲಿ ಭೂಮಿಯ ಹಕ್ಕಿಗಾಗಿ ದೇಶದ ಉತ್ತರ ತುದಿಯ ತೆ ಹಾಪುವದಿಂದ ನಡಿಗೆ ಹೊರಡಿಸಿ ಅಕ್ಟೋಬರ್ 13ರಂದು ವೆಲಿಂಗ್ಟನ್ನಿನ ಸಂಸತ್ತಿನ ಮುಂದೆ ನಿಂತದ್ದು, ಇವೆಲ್ಲ ಒಂದೊಂದು ಪ್ಯಾರಾದಲ್ಲಿ ಬಂದಿವೆ. ಆ ನಡಿಗೆಯ ಮೊದಲ ದಿನ ಕೋಲೂರಿಕೊಂಡು ಪುಟ್ಟ ಮೊಮ್ಮಗಳ ಕೈಹಿಡಿದು ಮಣ್ಣಿನ ರಸ್ತೆಯಲ್ಲಿ ಹೆಜ್ಜೆಯಿಟ್ಟ ಅವರ ಛಾಯಾಚಿತ್ರ ಈ ದೇಶದಲ್ಲಿ ಎಲ್ಲರಿಗೂ ಪರಿಚಿತ. ನಾನು ಅದನ್ನು ನಕಲು ಮಾಡಲಿಲ್ಲ, ಗುದ್ದಲಿಗಳ ಸಾಲನ್ನು ಕೆತ್ತಿದೆ.

ಜೂನ್ 29

ಮೇರಿ ತೆ ತೈ ಮಙಕಾಹಿಯ ಅವರೂ ಹೊಕಿಯಙದವರೇ, 1868ರಲ್ಲಿ ಹುಟ್ಟಿದವರು. 1893ರ ಮೇ 18ರಂದು ವೈಪತು ಎಂಬಲ್ಲಿ ಸೇರಿದ್ದ, ಬುಡಕಟ್ಟುಗಳು ದೇಶದ ಸಂಸತ್ತಿನಿಂದ ಬೇರೆಯಾಗಿ ತಾವೇ ಕಟ್ಟಿಕೊಂಡಿದ್ದ ಮಾವೊರಿ ಸಂಸತ್ತಿನ ಮುಂದೆ, ಹೆಂಗಸರಿಗೆ ಅದರಲ್ಲಿ ಮತದಾನದ ಹಕ್ಕಷ್ಟೇ ಅಲ್ಲ, ಸದಸ್ಯರಾಗುವ ಹಕ್ಕೂ ಬೇಕೆಂದು ಕೇಳಿದರು. ಅವರು ಕೊಟ್ಟ ಕಾರಣಗಳು ಮಕ್ಕಳಿಗೂ ಅರ್ಥವಾಗುವಷ್ಟು ನೇರವಾಗಿವೆ: ಭೂಮಿಯುಳ್ಳ ವಿಧವೆಯರಿದ್ದಾರೆ, ಭೂಮಿಯ ವ್ಯವಹಾರದಲ್ಲಿ ಗಂಡಂದಿರಿಗಿಂತ ಹೆಚ್ಚು ತಿಳಿದ ಹೆಂಗಸರಿದ್ದಾರೆ. ಮಾವೊರಿ ಪದ್ಧತಿಯಲ್ಲಿ ಮದುವೆಯಾದ ಮೇಲೂ ಹೆಣ್ಣಿನ ಭೂಮಿ ಅವಳದಾಗಿಯೇ ಉಳಿಯುತ್ತಿತ್ತು. ಇಲ್ಲಿ ಜಾರಿಗೆ ಬಂದ ಇಂಗ್ಲಿಷ್ ಕಾನೂನಿನಲ್ಲಿ 1884ರವರೆಗೆ ಹೆಂಡತಿಯ ಆಸ್ತಿ ಗಂಡನ ಕೈಸೇರುತ್ತಿತ್ತು. ಅಂದರೆ ಮೇರಿ ಹೊಸದನ್ನು ಬೇಡಿದ್ದಕ್ಕಿಂತ ಹೆಚ್ಚಾಗಿ, ಅಜ್ಜಿಯರ ಕಾಲದಿಂದ ಇದ್ದುದನ್ನು ಹೊಸ ಸಭೆಯೂ ಒಪ್ಪಿಕೊಳ್ಳಬೇಕೆಂದು ಕೇಳಿದರು. ಅದೇ ವರ್ಷದ ಸೆಪ್ಟೆಂಬರ್ 19ರಂದು ನ್ಯೂಜಿಲೆಂಡಿನ ಎಲ್ಲ ಹೆಂಗಸರಿಗೂ ದೇಶದ ಸಂಸತ್ತಿಗೆ ಮತ ಹಾಕುವ ಹಕ್ಕು ಬಂತು. ಮಾವೊರಿ ಸಂಸತ್ತಿಗೆ ಮತ ಹಾಕುವ ಹಕ್ಕು ಮಾವೊರಿ ಹೆಂಗಸರಿಗೆ ದೊರೆತದ್ದು 1897ರಲ್ಲಿ. ಅಧ್ಯಾಯ ಚಿಕ್ಕದು, ಆರು ಪುಟಗಳಲ್ಲಿ ಮುಗಿದಿದೆ.

ಆಗಸ್ಟ್ 3

ಕೊನೆಯ ಕಥೆ ತೆ ಪುವೆಯ ಹೇರಙಿ ಅವರದು. ಮಾವೊರಿ ದೊರೆ ತಾಫಿಯಾವೊ ಅವರ ಮೊಮ್ಮಗಳು. 1898ರಲ್ಲಿ ತಾಯಿ ತೀರಿಕೊಂಡಾಗ ವಯಸ್ಸು ಹದಿನೈದರ ಆಸುಪಾಸು, ಓದು ಬಿಟ್ಟು ಮನೆಗೆ ಮರಳಬೇಕಾಯಿತು. 1918ರ ಇನ್‌ಫ್ಲುಯೆಂಜಾ ಪಿಡುಗಿನ ನಂತರ ಸುಮಾರು ನೂರು ಅನಾಥ ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1921ರಿಂದ ಙಾರುವವಾಹಿಯದಲ್ಲಿ ತೂರಙವಯೆವಯೆ ಮರಾಯೆಯನ್ನು ಕಟ್ಟಿಸಿದರು. ನಮ್ಮ ಮನೆಯಿಂದ ಅಲ್ಲಿಗೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. 2024ರ ಸೆಪ್ಟೆಂಬರ್ 5ರಂದು ಅದೇ ಅಂಗಳದಲ್ಲಿ, ದಿವಂಗತ ಮಾವೊರಿ ದೊರೆ ತೂಹೈತಿಯ ಅವರ ಮಕ್ಕಳಲ್ಲಿ ಕಿರಿಯವರೂ ಒಬ್ಬಳೇ ಮಗಳೂ ಆದ ಙಾ ವೈ ಹೊನೊ ಇ ತೆ ಪೋ ಅವರು ಇಬ್ಬರು ಅಣ್ಣಂದಿರಿದ್ದೂ 27ರ ವಯಸ್ಸಿನಲ್ಲಿ ರಾಣಿಯಾಗಿ ಪೀಠವೇರಿದರು. ಆ ಸ್ಥಾನಕ್ಕೆ ನಾಯಕರ ಮಂಡಳಿಯು ವ್ಯಕ್ತಿಯನ್ನು ಆರಿಸುತ್ತದೆ, ಜ್ಯೇಷ್ಠ ಪುತ್ರನಿಗೆ ತಾನಾಗಿ ಸಲ್ಲುವಂಥದ್ದಲ್ಲ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹಾಕದೆ ಕಥೆಯ ಒಳಗೇ ತಂದಿದ್ದೇನೆ. ಅಣ್ಣಂದಿರು ಎಂಬಲ್ಲಿ ಮಾತ್ರ ಮತ್ತೆ ತುಙಾನೆ ಎಂದು ತಿದ್ದಿದೆ.

ಆಗಸ್ಟ್ 24

ಹಾಳೆಗಳ ಮುದ್ರಣ ಮುಗಿದಿದೆ, 11 ಪ್ರತಿಗಳನ್ನು ಹೊಲಿದಿದ್ದೇನೆ. ಮುಖಪುಟದ ಹಿಂಬದಿಯಲ್ಲಿ ಕರಙದ ಸಾಲುಗಳನ್ನು ಹಾಕಬೇಕೆಂದಿದ್ದೆ. ಆ ಕರೆಯನ್ನು ಕರೆಯುವ ಅಜ್ಜಿ ಆ ದಿನದ ಅತಿಥಿಗಳನ್ನೂ ಅವರ ತೀರಿಹೋದ ಹಿರಿಯರನ್ನೂ ನೆನೆದು ಅಲ್ಲಿಯೇ ಕಟ್ಟುತ್ತಾಳೆ, ಹುಡುಗಿಯರು ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕೇಳಿಸಿಕೊಂಡೇ ಕಲಿಯುತ್ತಾರೆ ಎಂದು ಶಿಕ್ಷಕಿ ತಿಳಿಸಿದ ಮೇಲೆ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಮೊದಲ ಪ್ರತಿಯನ್ನು ಗುರುವಾರದ ತರಗತಿಗೆ ಒಯ್ದು ಅವರ ಕೈಗೆ ಕೊಡುತ್ತೇನೆ. ವೈರಾಕಳ ಮಾತನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ಮಗಳು ತನಗೇ ಬೇಕೆಂದು ಕೇಳಿ ಪಡೆದಿದ್ದಾಳೆ.