2.3ರಲ್ಲೇ ನಿಂತುಬಿಟ್ಟ ಮಾರ್ಕ್‌ಡೌನ್-ಮೋಡ್

ನನ್ನ ಬರವಣಿಗೆಯೆಲ್ಲ ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರಿನಲ್ಲೇ. ಸರಳ ಚಿಹ್ನೆಗಳಿಂದ ಶೀರ್ಷಿಕೆ, ಪಟ್ಟಿಗಳನ್ನು ಗುರುತಿಸುವ ಮಾರ್ಕ್‌ಡೌನ್ ಬರಹಕ್ಕೆ ಅದರಲ್ಲಿ ನೆರವಾಗುವ ಮಾರ್ಕ್‌ಡೌನ್-ಮೋಡ್ ಪ್ಯಾಕೇಜು ಇಲ್ಲದೆ ನನಗೆ ದಿನ ಸಾಗುವುದಿಲ್ಲ. ಆ ಪ್ಯಾಕೇಜಿನ 2.6ನೇ ಆವೃತ್ತಿ ಬಂದಿದೆ ಎಂದು ಗೊತ್ತಾದಾಗ ಪ್ಯಾಕೇಜ್ ಪಟ್ಟಿ ತೆರೆದು ಕ್ಯಾಪಿಟಲ್ ಯು ಒತ್ತಿದೆ, ಆಮೇಲೆ ಎಕ್ಸ್. ಅಪ್‌ಡೇಟ್ ಮುಗಿಯಿತು, ಪಟ್ಟಿಯಲ್ಲಿ 2.6ರ ಎದುರು 'ಇನ್‌ಸ್ಟಾಲ್ಡ್' ಎಂದೂ ಬಂತು. ಖಾತ್ರಿಗಿರಲಿ ಎಂದು ಮಾರ್ಕ್‌ಡೌನ್-ಶೋ-ವರ್ಶನ್ ಕಮಾಂಡ್ ಕೊಟ್ಟರೆ ಬಂದ ಉತ್ತರ 2.3.

ಹಳೆಯದು ಮೆಮೊರಿಯಲ್ಲಿ ಉಳಿದಿರಬೇಕು ಅಂದುಕೊಂಡು ಎಡಿಟರ್ ಮುಚ್ಚಿ ತೆರೆದೆ. 2.3. ಪ್ಯಾಕೇಜನ್ನೇ ಅಳಿಸಿ ಮತ್ತೆ ಹಾಕಿದೆ. ಆಗಲೂ 2.3. ಇಮ್ಯಾಕ್ಸ್ ಪ್ಯಾಕೇಜುಗಳನ್ನು ಇಳಿಸಿಡುವ ಎಲ್ಪಾ ಫೋಲ್ಡರಿಗೇ ಹೋಗಿ ನೋಡಿದೆ. ಹೊಸ ಫೈಲು ಅಲ್ಲೇ ಇತ್ತು, ಅದರ ತಲೆಬರಹದಲ್ಲಿ 2.6 ಎಂದು ಸ್ಪಷ್ಟವಾಗಿ ಬರೆದಿತ್ತು. ಅರ್ಧ ದಿನ ಹೀಗೇ ಹೋಯಿತು.

ಡಿಸ್ಕಿನಲ್ಲಿ ಏನಿದೆ ಎಂದು ನೋಡುತ್ತಲೇ ಇದ್ದೆ, ಇಮ್ಯಾಕ್ಸ್ ಯಾವ ಫೈಲನ್ನು ಎತ್ತಿಕೊಳ್ಳುತ್ತಿದೆ ಎಂದು ಅದನ್ನೇ ಕೇಳಿರಲಿಲ್ಲ. ಅದಕ್ಕೆಂದೇ ಲೊಕೇಟ್-ಲೈಬ್ರರಿ ಎಂಬ ಕಮಾಂಡ್ ಇದೆ. ಕೊಟ್ಟೆ. ಅದು ತೋರಿಸಿದ್ದು ಎಲ್ಪಾ ಫೋಲ್ಡರನ್ನಲ್ಲ, ನನ್ನದೇ 'ಲಿಸ್ಪ್' ಫೋಲ್ಡರನ್ನು! ವರ್ಷಗಳ ಹಿಂದೆ ಮಾರ್ಕ್‌ಡೌನ್-ಮೋಡ್ 2.3ರ ಫೈಲನ್ನು ಕೈಯಾರೆ ಇಳಿಸಿಕೊಂಡು ಅಲ್ಲಿಟ್ಟಿದ್ದೆ, ಮರೆತೇಹೋಗಿತ್ತು. ಅಂದರೆ 2.4, 2.5 ಕೂಡ ನನ್ನ ಹತ್ತಿರ ಬಂದಂತಾಗಿ ಬಂದಿರಲೇ ಇಲ್ಲ.

ಇಮ್ಯಾಕ್ಸ್ ಲೋಡ್-ಪಾತ್ ಎಂಬ ಫೋಲ್ಡರುಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕುತ್ತದೆ, ಮೊದಲು ಸಿಕ್ಕಿದ್ದನ್ನೇ ಲೋಡ್ ಮಾಡುತ್ತದೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಪ್ಯಾಕೇಜುಗಳ ಫೋಲ್ಡರುಗಳು ಇನಿಟ್ ಫೈಲಿಗಿಂತ (ಎಡಿಟರ್ ತೆರೆದಾಗ ಓದುವ, ನಮ್ಮ ಸೆಟ್ಟಿಂಗುಗಳಿರುವ ಫೈಲು) ಮೊದಲೇ ಆ ಪಟ್ಟಿಗೆ ಸೇರುತ್ತವೆ. ಆಮೇಲೆ ನನ್ನ ಇನಿಟ್ ಫೈಲಿನ ಒಂದು ಸಾಲು 'ಲಿಸ್ಪ್' ಫೋಲ್ಡರನ್ನು ಅವೆಲ್ಲವುಗಳ ಮೇಲೆ ತಂದು ಕೂರಿಸುತ್ತಿತ್ತು. ಹೊಸ ಪ್ಯಾಕೇಜಿನ ಸರದಿಯೇ ಬರುತ್ತಿರಲಿಲ್ಲ.

ಹಳೆಯ ಫೈಲನ್ನು ಅಳಿಸಿ ಎಡಿಟರ್ ತೆರೆದೆ. ಮತ್ತೆ 2.3! ಆ ಕ್ಷಣ ನಿಜಕ್ಕೂ ಕೈ ನಡುಗಿತು. ಮತ್ತೊಮ್ಮೆ ಲೊಕೇಟ್-ಲೈಬ್ರರಿ ಕೊಟ್ಟು ಉತ್ತರವನ್ನು ಈ ಸಲ ಒಂದೊಂದೇ ಅಕ್ಷರವಾಗಿ ಓದಿದೆ. ಫೈಲ್ ಹೆಸರಿನ ಕೊನೆಯಲ್ಲಿ '.ಇಎಲ್' ಅಲ್ಲ, '.ಇಎಲ್‌ಸಿ' ಇತ್ತು. ನಾನು ಅಳಿಸಿದ್ದು ಮೂಲ ಫೈಲನ್ನು ಮಾತ್ರ, ಅದರಿಂದ ಕಂಪೈಲ್ ಆದದ್ದು ಪಕ್ಕದಲ್ಲೇ ಕೂತಿತ್ತು. ಇಮ್ಯಾಕ್ಸ್‌ಗೆ ಅಷ್ಟೇ ಸಾಕು. ಅದನ್ನೂ ಅಳಿಸಿ ತೆರೆದಾಗ ಪರದೆಯ ಕೆಳಗೆ 2.6 ಬಂತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಆಗ ಸಡಿಲವಾಯಿತು.

ಏಳುವ ಮುಂಚೆ ಲಿಸ್ಟ್-ಲೋಡ್-ಪಾತ್-ಶ್ಯಾಡೋಸ್ ಎಂಬ ಕಮಾಂಡನ್ನೂ ಕೊಟ್ಟೆ. ಯಾವ ಫೈಲು ಯಾವುದನ್ನು ಮರೆಮಾಡಿದೆ ಎಂದು ಅದು ಸಾಲುಸಾಲಾಗಿ ಹೇಳುತ್ತದೆ. ಇದನ್ನು ಬೆಳಿಗ್ಗೆಯೇ ಕೊಟ್ಟಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು. ಪಟ್ಟಿಯಲ್ಲಿ ಅದೇ 'ಲಿಸ್ಪ್' ಫೋಲ್ಡರಿನ ಇನ್ನೆರಡು ಫೈಲುಗಳ ಹೆಸರಿತ್ತು. ಅವನ್ನೂ ಅಲ್ಲೇ ಅಳಿಸಿದೆ, '.ಇಎಲ್‌ಸಿ' ಸಮೇತ.