ಬಾಯಲ್ಲಿ ನೀರು

ಅಕ್ಕೋರು, ಅಂದರೆ ನಮ್ಮ ಶಾಲೆಯ ಟೀಚರು, ನನಗೆ ಬೈದದ್ದು ಒಂದೇ ಸಲ. ಅದೂ ಒಂದು ಬೆಂಕಿಪೊಟ್ಟಣದ ದೆಸೆಯಿಂದ.

ನಾನಾಗ ಐದನೇ ತರಗತಿ. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿದ್ದ ಅಕ್ಷರ ದಾಸೋಹದ ಬಿಸಿಯೂಟ ಮರುವರ್ಷ ನಮ್ಮ ಶಿವಮೊಗ್ಗದ ಕಡೆಗೂ ಬಂದು, ಶಾಲೆಯ ಹಿಂದೆ ಹೊಸದಾಗಿ ಹೊಗೆಯೇಳುತ್ತಿದ್ದ ಕಾಲ. ಆಗುಂಬೆ ರಸ್ತೆಯ ಮಳೆಯಲ್ಲಿ ಕಟ್ಟಿಗೆ ಒಣಗುವುದೆಂದರೇನು! ಬೆಂಕಿಕಡ್ಡಿ ಗೀರಿ ಗೀರಿ ಅಡುಗೆಯವರ ಸಹನೆಯೂ ಪೊಟ್ಟಣವೂ ಒಟ್ಟಿಗೇ ಮುಗಿಯುತ್ತಿದ್ದವು. ಹೊಸ ಪೊಟ್ಟಣ ತರುವ ಕೆಲಸ ಮಕ್ಕಳಿಗೆ ಬರುತ್ತಿತ್ತು. ಅದಕ್ಕೆ ಅಕ್ಕೋರು ಆರಿಸಿದ್ದು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನನ್ನು.

ಅವನು ನಮ್ಮೊಂದಿಗೆ ಒಂದೆರಡು ಮಾತು ಆಡುತ್ತಿದ್ದ. ಹೊರಗಿನವರು ಎದುರಾದರೆ ಅದೂ ನಿಂತುಹೋಗುತ್ತಿತ್ತು. ಅಕ್ಷರ ತಡವಾಗಿ ಹತ್ತಿತ್ತು, ಲೆಕ್ಕ ಇನ್ನೂ ತಡ. ಊರಿನವರು ಅವನಿಗೆ ಇಟ್ಟ ಹೆಸರು ‘ಮಂಕ’. ನಾನೋ ವಾಚಾಳಿ. ಹಾಜರಿ ಕರೆದರೆ ಅವನದ್ದನ್ನೂ ನಾನೇ ಹೇಳುತ್ತಿದ್ದೆ, ಬಿಸಿಯೂಟದ ಸಾಲಿನಲ್ಲಿ ಅವನಿಗೆ ಸಾರು ಸಾಕೋ ಬೇಕೋ ಎಂಬುದನ್ನೂ ನಾನೇ ತೀರ್ಮಾನಿಸುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆಂಬ ಜಂಭ ಬೇರೆ.

ಅಕ್ಕೋರ ರೀತಿಯೇ ಬೇರೆ ಇತ್ತು. ಮಳೆಗಾಲದಲ್ಲಿ ಹಳ್ಳದ ಸಂಕ ದಾಟುವಾಗ ದೊಡ್ಡವರು ಚಿಕ್ಕವರ ರಟ್ಟೆ ಹಿಡಿದು ಎಳೆಯುವಂತಿರಲಿಲ್ಲ. ಕೋಲಿನ ಒಂದು ತುದಿ ಕೊಡಬೇಕು, ಹಿಡಿಯುವುದು ಚಿಕ್ಕವರ ಕೆಲಸ. ತರಗತಿಯ ಬಾಗಿಲ ಪಕ್ಕ ಮೊಳೆಗೆ ಬಟ್ಟೆಯ ಉಪ್ಪಿನ ಗಂಟೊಂದು ನೇತಾಡುತ್ತಿತ್ತು. ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿದ್ದರೆ ಒಂದನೇ ತರಗತಿಯವರೂ ತಾವೇ ಗಂಟು ಮುಟ್ಟಿಸಿ ಬೀಳಿಸಿಕೊಳ್ಳಬೇಕು. ಅಳುವುದಕ್ಕೆ ಅಡ್ಡಿಯಿರಲಿಲ್ಲ, ಅಳುತ್ತಲೇ ಮಾಡಬಹುದಿತ್ತು.

ಅಂಗಡಿಯ ಪಾಠ ಜೂನ್‌ನಲ್ಲಿ ಶುರುವಾಯಿತು. ಮೊದಲು ಕೆಲವು ದಿನ ಅಕ್ಕೋರೇ ಅವನ ಜೊತೆ ಹೋದರು. ಸಾಮಾನು ಕೇಳಿದ್ದು ಅವರು, ದುಡ್ಡು ಕೊಟ್ಟದ್ದು ಅವರು, ಚಿಲ್ಲರೆ ತೆಗೆದುಕೊಂಡದ್ದೂ ಅವರೇ. ಅವನು ಕೊನೆಯಲ್ಲಿ ‘ಬರುತ್ತೇನೆ’ ಎಂದಷ್ಟೇ ಹೇಳಿ ತಿರುಗಿ ಬರಬೇಕು. ಅದು ಅಭ್ಯಾಸವಾದ ಮೇಲೆ ಚಿಲ್ಲರೆ ಇಸಿದುಕೊಳ್ಳುವುದೂ ಅವನ ಪಾಲಿಗೆ ಬಂತು. ಆಮೇಲೆ ನೋಟು ಕೊಡುವುದು. ‘ಇದೇನು, ಬಾಲದಿಂದ ಹಾವು ಹಿಡಿದ ಹಾಗೆ’ ಎಂದು ನಾವು ನಗುತ್ತಿದ್ದೆವು. ಕಡೆಗೆ ಬಾಕಿ ಉಳಿದದ್ದು ಬಾಯಿಬಿಟ್ಟು ಕೇಳುವುದೊಂದೇ. ಅಷ್ಟರಲ್ಲಿ ನವರಾತ್ರಿ ಕಳೆದಿತ್ತು.

ಆ ದಿನ ಜೊತೆಗೆ ನನ್ನನ್ನು ಕಳುಹಿಸಿದರು. ಅವನು ಅಂಗಡಿಯ ಮುಂದೆ ನಿಂತ. ಅಂಗಡಿಯವರು ‘ಎಂಥ ಬೇಕು?’ ಎಂದರು. ಅವನ ಗಂಟಲು ಒಮ್ಮೆ ಅಲುಗಿತು. ನನಗೆ ತಡೆಯಲಾಗಲಿಲ್ಲ, ‘ಬೆಂಕಿಪೊಟ್ಟಣ!’ ಎಂದುಬಿಟ್ಟೆ.

ರಸ್ತೆಯಾಚೆ ಹಲಸಿನ ಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದ ಅಕ್ಕೋರಿಗೆ ಅದು ಕೇಳಿಸಿತ್ತು. ‘ನಿನ್ನ ಬಾಯನ್ನು ಅವನಿಗೆ ಸಾಲ ಕೊಡಬೇಡ. ಅವನದ್ದು ಅವನಿಗಿದೆ’ ಎಂದರು. ಗಟ್ಟಿಯಾಗಿ ಅಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು. ಮರುದಿನ ಮತ್ತೆ ನಮ್ಮಿಬ್ಬರನ್ನೇ ಕಳುಹಿಸಿದರು. ಹೊರಡುವ ಮೊದಲು ನನ್ನ ಕೈಗೆ ನೀರಿನ ಲೋಟ ಕೊಟ್ಟು, ‘ಬಾಯಿತುಂಬ ತುಂಬಿಕೋ, ಬರುವವರೆಗೆ ನುಂಗುವ ಹಾಗಿಲ್ಲ’ ಎಂದರು.

ಬಾಯಲ್ಲಿ ನೀರು ಇಟ್ಟುಕೊಂಡು ಕಾಯುವ ಹೊತ್ತು ಎಷ್ಟು ಉದ್ದವೆಂದು ಅಂದೇ ನನಗೆ ತಿಳಿದದ್ದು. ಅಂಗಡಿಯವರಿಗೂ ಅಕ್ಕೋರು ಮೊದಲೇ ಹೇಳಿಟ್ಟಿದ್ದಿರಬೇಕು, ಅವರು ಅಡಿಕೆ ಕತ್ತರಿಸುತ್ತಾ ಸುಮ್ಮನಿದ್ದರು. ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತೀರ್ಥಹಳ್ಳಿಯ ಬಸ್ಸೊಂದು ಬಂತು, ನಿಂತಿತು, ಹೋಯಿತು. ಆಮೇಲೆ ಅವನು ‘ಬೆಂಕಿ’ ಎಂದ. ‘ಎಂಥ ಬೆಂಕಿ?’ ಎಂದರು ಅವರು, ತಲೆಯೆತ್ತದೆ. ‘ಪೊಟ್ಟಣ.’ ನಾನು ಅಷ್ಟೂ ನೀರು ನುಂಗಿಬಿಟ್ಟೆ.

ಈಗ ನನ್ನದು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ಕೆಲಸ. ಶಾಲೆಗೆ ಬರಲಾಗದವರ ಮನೆಗೇ ಹೋಗುತ್ತೇನೆ. ಇಲಾಖೆಯ ಕಾಗದದಲ್ಲಿ ಅದಕ್ಕೆ ಗೃಹಾಧಾರಿತ ಶಿಕ್ಷಣ ಎಂದು ಹೆಸರು. ನಮ್ಮ ಗುಡ್ಡಗಾಡಿನಲ್ಲಿ ಅದರ ಅರ್ಧ ಭಾಗ ನಡಿಗೆ. ತರಬೇತಿಯ ಒಂದು ದಿನ, ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕೊನೆಯ ಹೆಜ್ಜೆಯನ್ನೇ ಮೊದಲು ಕಲಿಸುವ ಕ್ರಮವನ್ನು ವಿವರಿಸಿದರು. ಅಂಗಿಯ ಗುಂಡಿಯನ್ನು ಮುಕ್ಕಾಲು ಭಾಗ ನಾವು ತೂರಿಸಿ, ಆಚೆಯಿಂದ ಎಳೆಯುವುದನ್ನು ಮಗುವಿಗೆ ಬಿಡುವುದು. ಹಾಗಾದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದ್ದೇ ಆಗುತ್ತದೆ, ನಡುವೆ ಸೋತು ಕೈಬಿಡುವುದು ತಪ್ಪುತ್ತದೆ. ನನಗೆ ಅಲ್ಲಿಯೇ ನಗು ಬಂತು. ಬಾಲದಿಂದ ಹಾವು! ಅಕ್ಕೋರು ಇದನ್ನು ಎಲ್ಲಿ ಕಲಿತಿದ್ದರೋ, ಕೇಳೋಣವೆಂದರೆ ಅವರು ಈಗ ಇಲ್ಲ.

ಅಂಗವೈಕಲ್ಯದ 1995ರ ಕಾಯ್ದೆಯಲ್ಲಿ ಏಳು ಬಗೆಗಳಿದ್ದವು, 2016ರ ಕಾಯ್ದೆಯಲ್ಲಿ 21 ಇವೆ. ನನ್ನ ಗೆಳೆಯ ಯಾವ ಪಟ್ಟಿಯಲ್ಲೂ ಹೆಸರು ಬರೆಸದೆ ಏಳನೇ ತರಗತಿ ದಾಟಿದ. ಪ್ರಮಾಣಪತ್ರ ಇದ್ದಿದ್ದರೆ ಒಳ್ಳೆಯದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಇಂದು ಪ್ರಮಾಣಪತ್ರ ಕೈಯಲ್ಲಿರುವ ಎಷ್ಟೋ ಮನೆಗಳಲ್ಲಿ ಹನ್ನೆರಡು ವರ್ಷದ ಮಗುವಿಗೆ ಅಮ್ಮ ತುತ್ತು ಕಲಸಿ ಬಾಯಿಗಿಡುವುದನ್ನು ನೋಡುತ್ತೇನೆ. ಪ್ರೀತಿಯಿಂದಲೇ ಇಡುತ್ತಾರೆ. ಅವರಿಗೆ ಏನು ಹೇಳುವುದಕ್ಕೂ ನನಗೆ ಧೈರ್ಯ ಸಾಲುವುದಿಲ್ಲ. ಮೆಲ್ಲಗೆ, ‘ಕೊನೆಯ ತುತ್ತೊಂದು ಅವನಿಗೇ ಬಿಡಿ ಅಮ್ಮಾ’ ಎನ್ನುತ್ತೇನೆ.

ಕಳೆದ ವರ್ಷ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಅವನು ಸಿಕ್ಕಿದ. ಅಡಿಕೆ ಸುಲಿಯುವ ಕಡೆ ಕೆಲಸವಂತೆ, ಕೈಬೆರಳು ಕಪ್ಪಾಗಿದ್ದವು. ಚಹಾ ತಾನೇ ಕೊಡಿಸುತ್ತೇನೆ ಎಂದ. ಹೋಟೆಲಿನ ಹುಡುಗನಿಗೆ ಗಡಿಬಿಡಿ, ‘ಎಷ್ಟು, ಎಷ್ಟು?’ ಎಂದು ಎರಡು ಸಲ ಕೇಳಿದ. ನನ್ನ ನಾಲಗೆಯ ತುದಿಗೆ ‘ಎರಡು ಚಹಾ’ ಬಂದೇಬಿಟ್ಟಿತ್ತು. ಬಾಯಿ ಮುಚ್ಚಿಕೊಂಡೆ. ಅವನು ನಿಧಾನವಾಗಿ ಎರಡು ಬೆರಳು ಎತ್ತಿ, ‘ಎರಡು. ಸಕ್ಕರೆ ಕಡಿಮೆ’ ಎಂದ. ಕುಡಿದಾದ ಮೇಲೆ ನೋಟು ಕೊಟ್ಟ, ಚಿಲ್ಲರೆ ಇಸಿದುಕೊಂಡು ಎಣಿಸಿದ, ಇನ್ನೊಮ್ಮೆ ಎಣಿಸಿದ. ನಮ್ಮ ಹಿಂದೆ ನಿಂತವರು ಗೊಣಗುತ್ತಿದ್ದರು. ಅವನು ಹುಡುಗನ ಮುಖ ನೋಡಿ ‘ಬರುತ್ತೇನೆ’ ಎಂದು ಹೇಳಿಯೇ ತಿರುಗಿದ.